ಕಾರ್ ಶೆಡ್ಡಿನ ಕೊನೆಯ ಐದಡಿ

ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಊರಿನ ಆಡಿಸನ್ ಅವೆನ್ಯೂ ಎಂಬ ಬೀದಿಯಲ್ಲಿ 367ನೇ ನಂಬರಿನ ಮನೆಯೊಂದಿದೆ. ಅದರ ಹಿಂದುಗಡೆ ಮರದ ಹಲಗೆ ಹೊಡೆದು ನಿಲ್ಲಿಸಿದ ಒಂದು ಕಾರ್ ಶೆಡ್ಡು. ಅಗಲ 12 ಅಡಿ, ಉದ್ದ 18 ಅಡಿ. ನೋಡಿದರೆ ಹಳ್ಳಿಮನೆಯ ಸೌದೆ ಕೊಟ್ಟಿಗೆಯ ನೆನಪಾದೀತು. ಅಂಥ ಶೆಡ್ಡಿಗೆ ಅಲ್ಲಿನ ರಾಜ್ಯ ಸರ್ಕಾರ ಐತಿಹಾಸಿಕ ಸ್ಥಳವೆಂಬ ಮಾನ್ಯತೆ ಕೊಟ್ಟು ಮನೆಯ ಮುಂದೆ ಫಲಕ ನೆಟ್ಟಿದೆ. ದೂರದೂರದಿಂದ ಬಂದವರು ಬೀದಿಯಲ್ಲೇ ನಿಂತು ಫೋಟೋ ತೆಗೆದುಕೊಂಡು ಹೋಗುತ್ತಾರೆ.

1938ರಲ್ಲಿ ಈ ಮನೆಯ ಕೆಳಭಾಗಕ್ಕೆ ಬಾಡಿಗೆಗೆ ಬಂದವರು ಡೇವಿಡ್ ಪ್ಯಾಕರ್ಡ್ ಮತ್ತು ಆತನ ಹೆಂಡತಿ ಲೂಸಿಲ್. ಗೆಳೆಯ ವಿಲಿಯಂ ಹ್ಯೂಲೆಟ್‌ಗೆ ಮಲಗಲು ಹಿತ್ತಲಿನ ಒಂದು ಪುಟ್ಟ ಕೋಣೆ. ಇಬ್ಬರೂ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದವರು. ಕಾರ್ ಶೆಡ್ಡು ಅವರ ಕಾರ್ಯಾಗಾರವಾಯಿತು. ಕೈಯಲ್ಲಿದ್ದ ಬಂಡವಾಳ 538 ಡಾಲರು. ಸಲಕರಣೆಗಳ ಪೈಕಿ ದೊಡ್ಡದೆಂದರೆ ಯಾರೋ ಬಳಸಿದ್ದ ಹಳೆಯ ಡ್ರಿಲ್ ಪ್ರೆಸ್. ಉಳಿದದ್ದು ಒಂದು ಮೇಜು, ಬೆಸುಗೆ ಹಾಕುವ ಕಾವುಗೋಲು, ಇಕ್ಕಳ, ಸ್ಕ್ರೂ ಡ್ರೈವರ್‌ಗಳಂಥ ಕೈಸಲಕರಣೆಗಳು.

ಅಲ್ಲಿಂದ ಹೊರಬಿದ್ದ ಮೊದಲ ಹೆಸರುವಾಸಿ ವಸ್ತು, ಧ್ವನಿಯ ಉಪಕರಣಗಳನ್ನು ಪರೀಕ್ಷಿಸಲು ಬೇಕಾದ ಆಡಿಯೋ ಆಸಿಲೇಟರ್. ಅದರ ಹೊಟ್ಟೆಯೊಳಗಿನ ಜಾಣತನ ಹೈಸ್ಕೂಲಿನ ಭೌತಶಾಸ್ತ್ರಕ್ಕೆ ನಿಲುಕುವಂಥದು. ವಿದ್ಯುತ್ ಕಂಪನಗಳು ಒಂದೇ ಮಟ್ಟದಲ್ಲಿರಬೇಕು. ಹೆಚ್ಚಲೂಬಾರದು, ಸತ್ತೂ ಹೋಗಬಾರದು. ಅದಕ್ಕಾಗಿ ಬೇರೆಯವರು ಜಟಿಲವಾದ ಮಂಡಲಗಳನ್ನು ಕಟ್ಟುತ್ತಿದ್ದರು. ಹ್ಯೂಲೆಟ್ ಒಂದು ಸಣ್ಣ ಬಲ್ಬನ್ನು ಮಂಡಲದೊಳಗೆ ಸೇರಿಸಿದ. ಕಂಪನ ಜೋರಾದರೆ ಬಲ್ಬಿನ ತಂತಿ ಬಿಸಿಯಾಗುತ್ತದೆ. ಬಿಸಿಯಾದ ತಂತಿಯ ರೋಧ ಹೆಚ್ಚುತ್ತದೆ. ಕಂಪನ ತಾನಾಗಿ ತಗ್ಗುತ್ತದೆ. ಬೆಲೆ 54 ಡಾಲರ್ 40 ಸೆಂಟ್. ಮಾದರಿಗೆ '200 ಎ' ಎಂದು ಹೆಸರಿಟ್ಟರು. ಇದು ಮೊತ್ತಮೊದಲ ಉತ್ಪನ್ನವೆಂದು ಗಿರಾಕಿಗಳಿಗೆ ಗೊತ್ತಾಗದಿರಲಿ ಎಂಬುದೇ 200ರ ಗುಟ್ಟು! ಇದರ ಸುಧಾರಿಸಿದ ಮಾದರಿಯ 8 ಉಪಕರಣಗಳನ್ನು ವಾಲ್ಟ್ ಡಿಸ್ನಿಯ ಸಂಸ್ಥೆ 'ಫ್ಯಾಂಟೇಸಿಯಾ' ಚಿತ್ರದ ಧ್ವನಿವ್ಯವಸ್ಥೆಗಾಗಿ ಕೊಂಡಿತು.

ಉಪಕರಣದ ಮುಖಫಲಕಕ್ಕೆ ಬಣ್ಣ ಬಳಿದ ಮೇಲೆ ಅದನ್ನು ಕಾಯಿಸಿ ಗಟ್ಟಿ ಮಾಡಬೇಕಿತ್ತು. ಕುಲುಮೆ ಎಲ್ಲಿಂದ ತರುವುದು? ಲೂಸಿಲ್‌ಳ ಅಡುಗೆಮನೆಯ ಓವನ್ನೇ ಗತಿಯಾಯಿತು. ಆಕೆ ಹಗಲು ವಿಶ್ವವಿದ್ಯಾಲಯದ ಕಚೇರಿಯಲ್ಲಿ ದುಡಿಯುತ್ತಿದ್ದಳು. ಮನೆ ನಡೆಯುತ್ತಿದ್ದುದು ಆ ಸಂಬಳದಲ್ಲಿ. ಶೆಡ್ಡಿನ ಮುಂದಿನ ಫಲಕ ಓದುವವರಿಗೆ ಈ ಓವನ್ನು, ಈ ಸಂಬಳ ಕಾಣುವುದಿಲ್ಲ.

ಅಮೆರಿಕದ ಕಾರ್ ಶೆಡ್ಡುಗಳ ಬಗ್ಗೆ ಇಂಥ ಕಥೆಗಳು ಬೆಳೆದು ಈಗ ಪುರಾಣವೇ ಆಗಿಬಿಟ್ಟಿದೆ. ಆಪಲ್ ಕಂಪ್ಯೂಟರ್ ಹುಟ್ಟಿದ್ದು ಸ್ಟೀವ್ ಜಾಬ್ಸ್ ಮನೆಯ ಶೆಡ್ಡಿನಲ್ಲಿ ಎನ್ನುತ್ತಾರೆ; ಆದರೆ ಅದನ್ನು ರೂಪಿಸಿದ ಸ್ಟೀವ್ ವೋಜ್ನಿಯಾಕ್ 2014ರಲ್ಲಿ, ವಿನ್ಯಾಸದ ಕೆಲಸವೇನೂ ಅಲ್ಲಿ ನಡೆಯಲಿಲ್ಲ ಎಂದು ಹೇಳಿಬಿಟ್ಟರು. ಪ್ಯಾಕರ್ಡ್, ಹ್ಯೂಲೆಟ್ ಕೂಡ ಶೂನ್ಯದಿಂದ ಬಂದವರಲ್ಲ. ಬೆನ್ನ ಹಿಂದೆ ಫ್ರೆಡರಿಕ್ ಟರ್ಮನ್ ಎಂಬ ಪ್ರಾಧ್ಯಾಪಕರ ಒತ್ತಾಸೆಯಿತ್ತು. 1940ರಲ್ಲಿ ಅವರು ಆ ಶೆಡ್ಡು ಬಿಟ್ಟು ದೊಡ್ಡ ಕಟ್ಟಡಕ್ಕೆ ಹೋದರು. ಆದ್ದರಿಂದ ಮಗ ಅಥವಾ ಮಗಳು ಶೆಡ್ಡಿನಲ್ಲಿ ಕೂತರೆ ನಾಳೆ ಕೋಟ್ಯಧೀಶರಾದಾರು ಎಂದು ಲೆಕ್ಕ ಹಾಕುವ ತಂದೆತಾಯಿಗಳು ಆ ಲೆಕ್ಕವನ್ನು ಈಗಲೇ ಬಿಡುವುದು ಲೇಸು. ಆ ಶೆಡ್ಡಿನಿಂದ ಕಲಿಯಬೇಕಾದದ್ದು ಬೇರೆ: 12 ಅಡಿಗೆ 18 ಅಡಿ ಜಾಗ, ಒಂದು ಮೇಜು, ಕೆಲವೇ ಕೆಲವು ಸಲಕರಣೆ ಇದ್ದರೆ ಎಷ್ಟೆಲ್ಲ ಮಾಡಬಹುದು ಎಂಬುದು.

ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳ ಮನೆಗಳಿಗೆ ಬರೋಣ. ಇಲ್ಲಿನ ಕಾರ್ ಶೆಡ್ಡು ಸಾಮಾನ್ಯವಾಗಿ 10 ಅಡಿ ಅಗಲ, 18 ಅಡಿ ಉದ್ದ. ಇಂದು ರಸ್ತೆಯ ಮೇಲಿರುವ ಸಣ್ಣ ಕಾರುಗಳಲ್ಲಿ ಹೆಚ್ಚಿನವು ತೆರಿಗೆಯ ಕಾರಣಕ್ಕೆ 4 ಮೀಟರಿನೊಳಗೇ ಇವೆ, ಅಂದರೆ ಸುಮಾರು 13 ಅಡಿ. ಕಾರನ್ನು ಗೇಟಿನ ಹತ್ತಿರಕ್ಕೆ ಒತ್ತಿ ನಿಲ್ಲಿಸಿದರೆ ಒಳಗೋಡೆಯ ಬದಿಗೆ 5 ಅಡಿ ಉಳಿಯುತ್ತದೆ. ಅದರಲ್ಲಿ 2 ಅಡಿ ಕೆಲಸದ ಮೇಜಿಗೆ, 3 ಅಡಿ ನಿಲ್ಲುವವರಿಗೆ. ಕಾರನ್ನು ಹೊರಗೆ ತೆಗೆದ ಭಾನುವಾರ ಇಡೀ ಶೆಡ್ಡೇ ಕಾರ್ಯಾಗಾರ. ಸದ್ಯ ಆ 5 ಅಡಿಯಲ್ಲಿ ಇರುವುದೇನು? ಹಳೆಯ ಕೂಲರು, ಚಕ್ರ ಹೋದ ಸೈಕಲ್ಲು, ಹಿಂದಿನ ವರ್ಷದ ಪತ್ರಿಕೆಗಳ ಕಟ್ಟು, ಬಣ್ಣ ಒಣಗಿದ ಡಬ್ಬಗಳು. ಗುಜರಿಯವನನ್ನು ಕರೆಯುವುದೇ ಕಾರ್ಯಾಗಾರ ಕಟ್ಟುವ ಮೊದಲ ಹೆಜ್ಜೆ. ಆದರೆ ಕರೆಯುವ ಮೊದಲು ಸೈಕಲ್ಲಿನ ನಟ್ಟು, ಬೋಲ್ಟು, ಬೇರಿಂಗುಗಳನ್ನೆಲ್ಲ ಬಿಚ್ಚಿಕೊಳ್ಳುವುದು ಬುದ್ಧಿವಂತಿಕೆ.

ಜಾಗ ಖಾಲಿಯಾದ ಮೇಲೆ ನೆಲದ ಮೇಲೊಂದು ಗೋಲಿ ಇಟ್ಟು ನೋಡಬೇಕು. ಅದು ಗೇಟಿನ ಕಡೆಗೆ ಉರುಳುತ್ತದೆ. ಕಾರು ತೊಳೆದ ನೀರು ಹೊರಹೋಗಲೆಂದು ಶೆಡ್ಡಿನ ನೆಲವನ್ನು ಇಳಿಜಾರಾಗಿ ಹಾಕಿರುತ್ತಾರೆ. ಇದನ್ನು ಲೆಕ್ಕಿಸದೆ ನಾಲ್ಕೂ ಕಾಲು ಒಂದೇ ಅಳತೆಗೆ ಕೊಯ್ದು ಮೇಜು ನಿಲ್ಲಿಸಿದರೆ ಪೆನ್ಸಿಲ್ಲು, ಮೊಳೆ, ಸ್ಕ್ರೂ ಎಲ್ಲವೂ ಮುಂದಕ್ಕೆ ಉರುಳಿ ಕಾಲ ಬುಡಕ್ಕೆ ಬೀಳುತ್ತವೆ. ಗಾರೆ ಕೆಲಸದವರು ಮಟ್ಟ ನೋಡುವ ವಿಧಾನವೇ ಇಲ್ಲಿ ಸಾಕು. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ, ಒಬ್ಬರು ಈ ತುದಿ, ಇನ್ನೊಬ್ಬರು ಆ ತುದಿ ಹಿಡಿದು ನಿಂತರೆ ಎರಡೂ ತುದಿಗಳ ನೀರು ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಗೋಡೆಯ ಮೇಲೆ ಗುರುತು ಹಾಕಿಕೊಂಡು, ಗುರುತಿನಿಂದ ನೆಲದವರೆಗೆ ಅಳೆದರೆ ಪ್ರತಿ ಕಾಲಿನ ಉದ್ದ ಸಿಕ್ಕಿತು. ಪಠ್ಯಪುಸ್ತಕದ ದ್ರವದ ಒತ್ತಡದ ಪಾಠ ಇಷ್ಟು ಸಲೀಸಾಗಿ ಬೇರೆಲ್ಲೂ ಕೆಲಸಕ್ಕೆ ಬರಲಾರದು.

ಮೇಜನ್ನು ಅಂಗಡಿಯಿಂದ ತರಬಾರದು, ಕಟ್ಟಬೇಕು. ಕಾರ್ಯಾಗಾರದ ಮೊದಲ ಕೆಲಸ ಅದೇ. ಹಳೆಯ ಮನೆ ಒಡೆದಲ್ಲಿ ಬಾಗಿಲ ಚೌಕಟ್ಟು, ತೊಲೆಗಳು ಸಿಗುತ್ತವೆ. ಹೊನ್ನೆ, ಮತ್ತಿ, ಹಲಸು ಯಾವುದಾದರೂ ಸರಿ, ವರ್ಷಗಟ್ಟಲೆ ಒಣಗಿದ ಮರ ಇನ್ನು ಸೊಟ್ಟಗಾಗುವ ಭಯ ಕಡಿಮೆ. ಕೊಯ್ಯುವ ಮುನ್ನ ಹಳೆಯ ಮೊಳೆಗಳನ್ನು ಹುಡುಕಿ ಕೀಳುವುದನ್ನು ಮರೆಯಬಾರದು, ಒಂದು ಮೊಳೆ ಸಾಕು ಗರಗಸದ ಹಲ್ಲು ಹಾಳಾಗಲು. ಕಾಲಿಗೆ 3 ಇಂಚು ಚದರದ ಮರ, ಕಾಲುಗಳ ನಡುವೆ ಅಡ್ಡಪಟ್ಟಿ, ಮೇಲೆ 2 ಇಂಚು ದಪ್ಪದ ಹಲಗೆ. ಅಷ್ಟು ದಪ್ಪದ ಹಲಗೆ ಸಿಗದಿದ್ದರೆ 19 ಮಿಲಿಮೀಟರಿನ ಎರಡು ಪ್ಲೈವುಡ್ ಹಾಳೆಗಳನ್ನು ಅಂಟಿಸಿ ಸ್ಕ್ರೂ ಬಿಗಿದರೆ ಒಂದೂವರೆ ಇಂಚಿನ ಗಟ್ಟಿ ಹಾಸು ಸಿದ್ಧ. ದಪ್ಪ ಏಕೆ ಬೇಕೆಂದರೆ, ತೆಳ್ಳಗಿನ ಹಲಗೆಯ ಮೇಲೆ ಸುತ್ತಿಗೆ ಬೀಸಿದಾಗ ಪೆಟ್ಟಿನ ಅರ್ಧ ಶಕ್ತಿ ಹಲಗೆ ಕುಣಿಯುವುದಕ್ಕೇ ಖರ್ಚಾಗುತ್ತದೆ. ಎತ್ತರ ದೊಡ್ಡವರಿಗೆ 33 ಇಂಚಿನ ಆಸುಪಾಸು. ಏಳನೇ ತರಗತಿಯ ಮಗುವಿಗಾಗಿ ಮೇಜನ್ನೇ ಗಿಡ್ಡ ಮಾಡಿದರೆ ಎರಡು ವರ್ಷದಲ್ಲಿ ಅದು ಯಾರಿಗೂ ಬೇಡವಾಗುತ್ತದೆ. ಅದರ ಬದಲು ಕಾಲಡಿಗೆ ಅಗಲವಾದ, ಅಲುಗದ ಮಣೆ ಹಾಕಿಕೊಟ್ಟರಾಯಿತು.

ಮೇಜಿನಷ್ಟೇ ಮುಖ್ಯವಾದದ್ದು ವೈಸು. ಕೈಗೆ ಏಟು ಬೀಳುವ ಸಂದರ್ಭಗಳನ್ನು ಗಮನಿಸಿದರೆ ಹೆಚ್ಚಿನವು ಒಂದು ಕೈಯಲ್ಲಿ ವಸ್ತುವನ್ನು ಹಿಡಿದು ಇನ್ನೊಂದು ಕೈಯಲ್ಲಿ ಕೊಯ್ಯಲು ಹೋದಾಗಿನವು. ವೈಸು ಇದ್ದರೆ ಎರಡೂ ಕೈ ಸಲಕರಣೆಯ ಮೇಲೆ. 4 ಇಂಚು ದವಡೆಯ ವೈಸು ಮನೆಗೆ ಧಾರಾಳ. ಅದನ್ನು ಮೇಜಿನ ನಡುವೆ ಕೂರಿಸದೆ, ಒಂದು ಕಾಲಿನ ನೇರಕ್ಕೆ ಬೋಲ್ಟು ಹಾಕಿ ಬಿಗಿಯಬೇಕು. ದವಡೆಯ ಮೇಲಂಚು ನಿಂತವರ ಮೊಣಕೈ ಮಟ್ಟಕ್ಕೆ ಬಂದರೆ ಅರ ಹಾಕುವಾಗ ಬೆನ್ನು ನೋಯುವುದಿಲ್ಲ. ಎರಕದ ಕಬ್ಬಿಣ ಪೆಟ್ಟು ತಾಳದೆ ಬಿರಿಯುವುದರಿಂದ ವೈಸಿನ ಮೇಲೆಯೇ ಕಬ್ಬಿಣವಿಟ್ಟು ಬಡಿಯಬಾರದು.

ಸಲಕರಣೆಗಳ ವಿಷಯದಲ್ಲಿ ಅಂಗಡಿಯವರ ಮಾತು ಕೇಳಿದರೆ ಜೇಬಿಗೆ ತೂತು. ನೂರು ತುಂಡುಗಳ ಬಣ್ಣದ ಪೆಟ್ಟಿಗೆ ತೋರಿಸುತ್ತಾರೆ, ಉಡುಗೊರೆಗೂ ಅದನ್ನೇ ಕೊಡುವ ರೂಢಿ ಬಂದಿದೆ. ಅದರಲ್ಲಿ ಬಳಕೆಗೆ ಬರುವುದು ಹತ್ತು ತುಂಡು, ಆ ಹತ್ತೂ ಮೆತ್ತನೆ ಉಕ್ಕಿನವು. ಬದಲಿಗೆ ಅಳೆಯುವ ಸಾಮಗ್ರಿಯಿಂದ ಆರಂಭಿಸುವುದು ಒಳ್ಳೆಯದು: ಒಂದು ಅಡಿ ಉದ್ದದ ಉಕ್ಕಿನ ಪಟ್ಟಿ, ಟೇಪು, ಮೂಲೆಮಟ್ಟ. ಅಂಗಡಿಯಲ್ಲೇ ಮೂಲೆಮಟ್ಟವನ್ನು ಪರೀಕ್ಷಿಸಬಹುದು. ಹಲಗೆಯ ನೇರ ಅಂಚಿಗೆ ಒತ್ತಿ ಒಂದು ಗೆರೆ ಎಳೆದು, ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಬೇಕು. ಎರಡು ಗೆರೆ ಒಂದಾದರೆ 90 ಡಿಗ್ರಿ. ಕವಲೊಡೆದರೆ ಅದನ್ನು ಅಲ್ಲೇ ಬಿಟ್ಟು ಬರುವುದು. ನಂತರ ಅರ್ಧ ಕಿಲೋ ಸುತ್ತಿಗೆ, ಕೈಗರಗಸ, ಹ್ಯಾಕ್‌ಸಾ, ಅರ್ಧ ಇಂಚು ಮತ್ತು ಒಂದಿಂಚಿನ ಎರಡು ಉಳಿ, ಒಂದು ಚಪ್ಪಟೆ ಅರ, ಒಂದು ದುಂಡು ಅರ, ಕಟಿಂಗ್ ಪ್ಲೇಯರ್, ನಾಲ್ಕೈದು ಸ್ಕ್ರೂ ಡ್ರೈವರ್, ಸ್ಪ್ಯಾನರುಗಳು, ಸಾಣೆಕಲ್ಲು. ಉಜ್ಜುಗೊರಡು ಆಮೇಲೆ. ಇಷ್ಟಕ್ಕೆ ನಿಲ್ಲಿಸಿ, ಮುಂದಿನದನ್ನು ಕೆಲಸ ಬಂದಾಗ ಕೊಳ್ಳುವುದು ವಾಸಿ. ಎಲೆಕ್ಟ್ರಾನಿಕ್ಸ್ ಹುಚ್ಚಿನ ಮಕ್ಕಳಿಗೆ ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರೋಡು, ಒಂದು ದಿನದ ಯಾತ್ರೆಗೆ ತಕ್ಕ ಸ್ಥಳ.

ಪ್ರತಿ ಸಲಕರಣೆಯ ಹಿಂದೆಯೂ ಒಂದು ಲೆಕ್ಕವಿದೆ. ಹ್ಯಾಕ್‌ಸಾ ಬ್ಲೇಡನ್ನೇ ತೆಗೆದುಕೊಳ್ಳಬಹುದು. ಅದರ ಮೇಲೆ 18, 24, 32 ಎಂಬ ಸಂಖ್ಯೆಗಳಿರುತ್ತವೆ. ಅದು ಒಂದು ಇಂಚಿಗೆ ಇರುವ ಹಲ್ಲುಗಳ ಎಣಿಕೆ. ಕೊಯ್ಯುವಾಗ ಕನಿಷ್ಠ ಮೂರು ಹಲ್ಲುಗಳಾದರೂ ಲೋಹದ ಮೇಲಿರಬೇಕೆಂಬುದು ನಿಯಮ. ಇಲ್ಲದಿದ್ದರೆ ತಗಡಿನ ಅಂಚು ಎರಡು ಹಲ್ಲುಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡು ಹಲ್ಲು ಮುರಿಯುತ್ತದೆ. 24 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಅಂತರ, ಅಂದರೆ 3 ಮಿಲಿಮೀಟರು ದಪ್ಪದ ಪಟ್ಟಿಗೆ ಅದು ಸರಿ. ಒಂದು ಮಿಲಿಮೀಟರಿನ ತಗಡಿಗೆ? 32 ಹಲ್ಲಿನ ಬ್ಲೇಡೂ ಸಾಲದು. ತಗಡನ್ನು ಎರಡು ತೆಳು ಹಲಗೆಗಳ ನಡುವೆ ಇಟ್ಟು ವೈಸಿಗೆ ಬಿಗಿದು, ಹಲಗೆ ಸಮೇತ ಕೊಯ್ದರೆ ಹಲ್ಲುಗಳಿಗೆ ಆಧಾರ ಸಿಗುತ್ತದೆ. ಬ್ಲೇಡಿನ ಹಲ್ಲು ಮುಂದಕ್ಕೆ ಮುಖ ಮಾಡಿರಬೇಕೆಂಬುದನ್ನು ಯಾರೂ ಹೇಳಿಕೊಡದೆ, ಹಿಂದುಮುಂದಾಗಿ ಹಾಕಿಕೊಂಡು ಬೆವರು ಸುರಿಸುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಡಿಮೆಯೇನಲ್ಲ.

ಇನ್ನು ವಿದ್ಯುತ್ತು. ಇದರಲ್ಲಿ ಕಂಜೂಸುತನ ಕೂಡದು. ಬಹಳಷ್ಟು ಶೆಡ್ಡುಗಳಲ್ಲಿ ಒಂದು ಬಲ್ಬು, ಒಂದು ಪುಟ್ಟ ಸಾಕೆಟ್ಟು ಬಿಟ್ಟರೆ ಬೇರೇನೂ ಇರುವುದಿಲ್ಲ. ಆ ಸಾಕೆಟ್ಟಿಗೆ ಅರ್ತಿಂಗ್ ತಂತಿ ಬಂದಿದೆಯೋ ಇಲ್ಲವೋ ಮನೆಯವರಿಗೆ ಗೊತ್ತಿರುವುದಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಅರ್ತಿಂಗ್ ಪರೀಕ್ಷೆ ಮಾಡಿಸಿ, ಮೇಜಿನ ಮೇಲ್ಭಾಗದ ಗೋಡೆಗೆ 16 ಆಂಪಿಯರಿನ ಎರಡು ಸಾಕೆಟ್ಟು ಹಾಕಿಸಬೇಕು. ಕಾರು ತೊಳೆಯುವ ನೀರು ಹರಿಯುವ ನೆಲದಲ್ಲಿ ಎಕ್ಸ್‌ಟೆನ್ಶನ್ ಡಬ್ಬಿ ಮಲಗಿಸುವುದು ಅಪಾಯವನ್ನು ಕರೆದು ಕೂರಿಸಿದಂತೆ. 500 ವಾಟಿನ ಕೈಡ್ರಿಲ್ಲು 230 ವೋಲ್ಟಿನಲ್ಲಿ ಎಳೆಯುವುದು ಎರಡು ಆಂಪಿಯರಿಗಿಂತ ತುಸು ಹೆಚ್ಚು. ಅದಕ್ಕೆ 16 ಆಂಪಿಯರು ಏಕೆಂದು ಕೇಳಬಹುದು. ನಾಳೆ ಗ್ರೈಂಡರು, ಸಣ್ಣ ವೆಲ್ಡಿಂಗ್ ಯಂತ್ರ ಬರುತ್ತವೆ, ಅದಕ್ಕೆ.

ತಂದೆತಾಯಿಗಳಲ್ಲಿ ಹೆಚ್ಚಿನವರು 'ಎಂಸಿಬಿ ಇದೆಯಲ್ಲ' ಎಂದು ನೆಮ್ಮದಿಯಾಗಿರುತ್ತಾರೆ. 16 ಆಂಪಿಯರಿನ ಎಂಸಿಬಿ ಅದಕ್ಕಿಂತ ಹೆಚ್ಚು ವಿದ್ಯುತ್ತು ಹರಿದರೆ ಮಾತ್ರ ಬೀಳುತ್ತದೆ. ಒದ್ದೆ ಕೈಯಲ್ಲಿ ತಂತಿ ಮುಟ್ಟಿದವರ ಮೈಯಲ್ಲಿ ಹರಿಯುವುದು ಒಂದು ಆಂಪಿಯರಿನ ಸಣ್ಣದೊಂದು ಭಾಗ. ಜೀವ ಹೋಗಲು ಅಷ್ಟು ಸಾಕು, ಎಂಸಿಬಿ ಮಾತ್ರ ಮಿಸುಕುವುದಿಲ್ಲ. ಅದು ಕಾಯುವುದು ಗೋಡೆಯೊಳಗಿನ ತಂತಿಯನ್ನು. ಮನುಷ್ಯನನ್ನು ಕಾಯುವುದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಹೋಗುವ ವಿದ್ಯುತ್ತಿಗೂ ಮರಳಿ ಬರುವ ವಿದ್ಯುತ್ತಿಗೂ ಅಷ್ಟು ವ್ಯತ್ಯಾಸ ಕಂಡರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ಡ್ರಿಲ್ಲು ಕೊಳ್ಳುವ ಹಣದಲ್ಲಿ ಮೊದಲು ಇದನ್ನು ಹಾಕಿಸಬೇಕು. ತಿಂಗಳಿಗೊಮ್ಮೆ ಅದರ ಪರೀಕ್ಷಾ ಗುಂಡಿ ಒತ್ತಿ ನೋಡುವ ಕೆಲಸವನ್ನು ಮಕ್ಕಳಿಗೇ ವಹಿಸಬಹುದು.

ಕೈಯಲ್ಲಿ ಹಿಡಿಯುವ ಆಂಗಲ್ ಗ್ರೈಂಡರ್ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಅಗ್ಗವಾಗಿ ಸಿಗುವುದರಿಂದ ಅದು ಈಗ ಮನೆಮನೆಗೆ ಬಂದಿದೆ. ಅದರ ತಟ್ಟೆಯ ವ್ಯಾಸ 100 ಮಿಲಿಮೀಟರು, ವೇಗ ನಿಮಿಷಕ್ಕೆ ಸುಮಾರು 11,000 ಸುತ್ತು. ಒಂದು ಸುತ್ತಿಗೆ ಅಂಚು ಕ್ರಮಿಸುವ ದೂರ 31.4 ಸೆಂಟಿಮೀಟರು. ಗುಣಿಸಿ ನೋಡಿದರೆ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರು ಮೀರುತ್ತದೆ. ತಟ್ಟೆ ಬಿರಿದರೆ ಚೂರುಗಳು ಹಾರುವುದು ಆ ವೇಗದಲ್ಲಿ, ಮುಖದಿಂದ ಎರಡಡಿ ದೂರದಲ್ಲಿ. ರಕ್ಷಣಾ ಕವಚ ಅಡ್ಡಬರುತ್ತದೆಂದು ಬಿಚ್ಚಿಡುವುದು, ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಇದಕ್ಕೆ ಸಿಕ್ಕಿಸುವುದು, ಇವೆರಡೂ ಆಸ್ಪತ್ರೆಯ ದಾರಿ. ಹೈಸ್ಕೂಲು ಮುಗಿಯುವವರೆಗೆ ಈ ಯಂತ್ರ ದೊಡ್ಡವರ ಬೀರುವಿನಲ್ಲಿ ಬೀಗದೊಳಗಿರಲಿ. ಡ್ರಿಲ್ಲು, ಗ್ರೈಂಡರು ತಿರುಗುವಾಗ ಕನ್ನಡಕ ಕಡ್ಡಾಯ. ಜಡೆಯನ್ನು ಕಟ್ಟಿರಬೇಕು, ದುಪಟ್ಟಾ ತೆಗೆದಿಡಬೇಕು, ತೋಳು ಮಡಿಚಿರಬೇಕು. ಡ್ರಿಲ್ಲು ಬಳಸುವಾಗ ಕೈಗವಸು ಹಾಕಿಕೊಳ್ಳಬಾರದೆಂಬುದು ಹಲವರಿಗೆ ಅಚ್ಚರಿ. ತಿರುಗುವ ಬೈರಿಗೆಗೆ ಬಟ್ಟೆ ಸಿಕ್ಕಿದರೆ ಅದು ಬೆರಳ ಸಮೇತ ಸುತ್ತಿಕೊಳ್ಳುತ್ತದೆ.

ಕಾರ್ ಶೆಡ್ಡಿಗೇ ವಿಶೇಷವಾದ ಅಪಾಯಗಳೂ ಇವೆ. ಅಲ್ಲೇ ಸ್ಕೂಟರ್ ನಿಂತಿರುತ್ತದೆ, ಮೂಲೆಯಲ್ಲಿ ಪೆಟ್ರೋಲಿನ ಕ್ಯಾನು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲೇರದೆ ನೆಲದ ಮೇಲೇ ಹರಡಿಕೊಳ್ಳುತ್ತದೆ. ಗ್ರೈಂಡರಿನ ಕಿಡಿ ಬೀಳುವುದೂ ನೆಲಕ್ಕೇ. ಕಿಡಿ ಹಾರುವ ಕೆಲಸಕ್ಕೆ ಮೊದಲು ವಾಹನಗಳನ್ನು ಹೊರಗೆ ತಳ್ಳಿ, ಗೇಟು ತೆರೆದಿಟ್ಟು, ಒಂದು ಬಕೆಟ್ ಮರಳು ಪಕ್ಕದಲ್ಲಿಟ್ಟುಕೊಳ್ಳಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಿ ಸದ್ದು ಕೇಳುತ್ತ ಕೂರಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಛಾವಣಿ ಹಳೆಯ ಆಸ್‌ಬೆಸ್ಟಾಸ್ ಶೀಟಿನದಾಗಿದ್ದರೆ ಅದಕ್ಕೆ ತೂತು ಕೊರೆಯುವುದು, ಉಜ್ಜುವುದು ಸಲ್ಲದು. ಅದರ ದೂಳು ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ಮರಕ್ಕೆ ಅಗಸೆಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ಒಳಗೊಳಗೇ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಲ್ಲುದು. ಬಿಡಿಸಿ ಬಯಲಲ್ಲಿ ಒಣಗಿಸಬೇಕು. ಇನ್ನೊಂದು ಸೋಜಿಗ: ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅದರ ಬೆಳಕಿನಲ್ಲಿ, ಕೆಲವು ವೇಗಗಳಲ್ಲಿ, ತಿರುಗುತ್ತಿರುವ ಯಂತ್ರ ನಿಂತಂತೆ ಕಾಣಬಹುದು. ನಿಂತಿದೆಯೆಂದು ಕೈ ಹಾಕಿದರೆ ಮುಗಿಯಿತು. ಒಳ್ಳೆಯ ಗುಣಮಟ್ಟದ ಮಿನುಗದ ಎಲ್‌ಇಡಿ ದೀಪಗಳಿಂದ ಈ ತೊಡಕು ತಪ್ಪುತ್ತದೆ.

ಇಷ್ಟೆಲ್ಲ ಓದಿದ ತಾಯಿಯೊಬ್ಬಳು 'ಈ ಉಪದ್ವ್ಯಾಪವೇ ಬೇಡ, ಸುಮ್ಮನೆ ಓದಿಕೊಳ್ಳಲಿ' ಎಂದರೆ ಅಚ್ಚರಿಯಿಲ್ಲ. ಹೆನ್ರಿ ಫೋರ್ಡ್ ತನ್ನ ಮೊದಲ ಪೆಟ್ರೋಲ್ ಎಂಜಿನ್ನನ್ನು ಓಡಿಸಿ ನೋಡಿದ್ದು 1893ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ಅಡುಗೆಮನೆಯ ಸಿಂಕಿಗೆ ಅದನ್ನು ಬಿಗಿದು. ಹನಿಹನಿಯಾಗಿ ಪೆಟ್ರೋಲು ಹಾಕಿದವಳು ಹೆಂಡತಿ ಕ್ಲಾರಾ. ಏಳು ವಾರದ ಮಗು ಮನೆಯೊಳಗೇ ಇತ್ತು. ಇದನ್ನು ಸಾಹಸವೆಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ನಿಜಕ್ಕೂ ಅದು ಯಾರೂ ಅನುಸರಿಸಬಾರದ ಕೆಲಸ. ಅಡುಗೆಮನೆಯಲ್ಲಿ ಆಗಬಾರದ್ದಕ್ಕೆ ಬೇರೆ ಜಾಗವಿರಲಿ ಎಂದೇ ಶೆಡ್ಡು ಬೇಕಾಗುವುದು. ಅದೇ ಫೋರ್ಡ್ ಆಮೇಲೆ ಡೆಟ್ರಾಯಿಟ್‌ನ ಬ್ಯಾಗ್ಲಿ ಅವೆನ್ಯೂ ಮನೆಯ ಹಿಂದಿನ ಶೆಡ್ಡಿನಲ್ಲಿ ತನ್ನ ಮೊದಲ ಗಾಡಿ ಕಟ್ಟಿದ. 1896ರ ಜೂನ್ 4ರ ನಸುಕಿನಲ್ಲಿ ಗಾಡಿ ಸಿದ್ಧವಾಯಿತು. ಹೊರಗೆ ತರಹೋದರೆ ಬಾಗಿಲು ಕಿರಿದು! ಕೊಡಲಿ ತಂದು ಇಟ್ಟಿಗೆ ಗೋಡೆಯನ್ನು ಒಡೆಯಬೇಕಾಯಿತು. ಏನನ್ನೇ ಕಟ್ಟುವ ಮುನ್ನ ಬಾಗಿಲನ್ನು ಅಳೆಯುವುದು ಒಳ್ಳೆಯದು. ಬಾಡಿಗೆ ಮನೆಯ ಮಾಲೀಕರೆಲ್ಲ ಅಷ್ಟು ಉದಾರಿಗಳಾಗಿರುವುದಿಲ್ಲ.

ಓದಿಗೆ ತೊಡಕಾಗುತ್ತದೆಂಬ ಭಯದ ಹಿಂದೆ, ಬಾಯಿಬಿಟ್ಟು ಹೇಳದ ಇನ್ನೊಂದು ಮಾತಿದೆ. ಉಳಿ, ಸುತ್ತಿಗೆ ಹಿಡಿಯುವುದು ಆಚಾರಿಗಳ ಕೆಲಸ, ಓದಿದವರ ಮಕ್ಕಳಿಗೆ ಅದೇಕೆ ಎಂಬ ಹಳೆಯ ತಾತ್ಸಾರ. ಮಗ ಎಂಜಿನಿಯರ್ ಆಗಬೇಕು, ಆದರೆ ಕೈಗೆ ಎಣ್ಣೆ ಮೆತ್ತಬಾರದು! ಮಗಳಾದರಂತೂ ಶೆಡ್ಡಿನ ಕಡೆಗೆ ಸುಳಿಯುವುದೇ ಬೇಡ. ಈ ತಾತ್ಸಾರದ ಬೆಲೆ ತೆತ್ತವರು ಎರಡೂ ಕಡೆಯವರು. ಪುಸ್ತಕ ಓದಿದವರಿಗೆ ಮರದ ನಾರು ಯಾವ ದಿಕ್ಕಿಗಿದೆ ಎಂದು ತಿಳಿಯದೆ ಹೋಯಿತು. ಮರ ಬಲ್ಲ ಕುಶಲಕರ್ಮಿಗೆ ತಕ್ಕ ಗೌರವ, ತಕ್ಕ ಕೂಲಿ ಸಿಗದೆ ಹೋಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರಂಥವರ ಬಳಿ ಕಲಿಯಬೇಕೆಂದು ಹೇಳುತ್ತದೆ. ಕಾಗದದ ಮೇಲಿನ ಮಾತಿಗೆ ಕಾಯದೆ, ಬೀದಿಯ ಕೊನೆಯಲ್ಲಿರುವ ಬಡಗಿಯನ್ನು ಒಂದು ಭಾನುವಾರ ಮನೆಗೆ ಕರೆದು, ಅವರ ದಿನಗೂಲಿಯನ್ನು ಪೂರ್ತಿ ಕೊಟ್ಟು, ಉಳಿಗೆ ಸಾಣೆ ಹಿಡಿಯುವುದನ್ನು ಮಕ್ಕಳಿಗೆ ಹೇಳಿಕೊಡಲು ಕೇಳಿಕೊಳ್ಳಬಹುದು. ಟ್ಯೂಷನ್ನಿಗೆ ಸುರಿಯುವ ಹಣದ ಮುಂದೆ ಅದು ಏನೇನೂ ಅಲ್ಲ. ಮೊಂಡು ಉಳಿಯೇ ಹರಿತವಾದ ಉಳಿಗಿಂತ ಹೆಚ್ಚು ಅಪಾಯಕಾರಿ ಎಂಬುದನ್ನು ಅವರು ಮೊದಲ ಹತ್ತು ನಿಮಿಷದಲ್ಲೇ ತೋರಿಸಿಕೊಡುತ್ತಾರೆ: ಮೊಂಡಾದಷ್ಟೂ ಬಲ ಹೆಚ್ಚು ಬೇಕು, ಬಲ ಹೆಚ್ಚಾದಷ್ಟೂ ಜಾರಿದಾಗ ಗಾಯ ಆಳ.

ಮೇಜಾದ ಮೇಲೆ ಎರಡನೆಯ ಕೆಲಸವಾಗಿ ಮೂರು ಕಾಲಿನ ಸ್ಟೂಲು ಮಾಡಬಹುದು. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುವುದರಿಂದ ಶೆಡ್ಡಿನ ಓರೆಕೋರೆ ನೆಲದಲ್ಲೂ ಅದು ಕುಂಟುವುದಿಲ್ಲ. ಮೊದಲ ಸ್ಟೂಲು ಚೆಂದ ಬರಲಾರದು. ಬಂದವರ ಮುಂದೆ ಅದನ್ನು ತೋರಿಸಿ ನಗದಿದ್ದರೆ ಎರಡನೆಯದು ಬಂದೀತು.

ನೆರೆಯವರ ಕಿವಿಯನ್ನೂ ನೆನೆಯಬೇಕು. ಶಬ್ದಮಾಲಿನ್ಯದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ರಾತ್ರಿಯ ವೇಳೆ, ಆಗ ಸದ್ದಿನ ಮಿತಿ ಇನ್ನೂ ಬಿಗಿ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವವರಿದ್ದರೆ ಸಂಜೆಯೂ ಸುತ್ತಿಗೆ ಮಲಗಿರುವುದು ಸಭ್ಯತೆ. ಮಲೆನಾಡಿನ ಮಳೆಗಾಲಕ್ಕೂ ಕರಾವಳಿಯ ಉಪ್ಪುಗಾಳಿಗೂ ಉಕ್ಕು ಬಹುಬೇಗ ತುಕ್ಕು ಹಿಡಿಯುತ್ತದೆ. ಬಳಸಿದ ಮೇಲೆ ಬೆವರು ಒರೆಸಿ, ಯಂತ್ರದ ಎಣ್ಣೆ ಸೋಕಿಸಿದ ಬಟ್ಟೆಯಿಂದ ಒಮ್ಮೆ ಸವರಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಉಳಿದೀತು. ಗೋಡೆಗೆ ಒಂದು ಹಲಗೆ ಹೊಡೆದು ಪ್ರತಿ ಸಲಕರಣೆಯ ಸುತ್ತ ಬಣ್ಣದಲ್ಲಿ ಗೆರೆ ಎಳೆದಿಟ್ಟರೆ, ದಿನದ ಕೊನೆಗೆ ಯಾವುದು ಮರಳಿ ಬಂದಿಲ್ಲವೆಂದು ಖಾಲಿ ಗೆರೆಯೇ ಹೇಳುತ್ತದೆ. ನೆಂಟರಿಷ್ಟರು ಎರವಲು ಒಯ್ದ ಸ್ಪ್ಯಾನರಿನ ಲೆಕ್ಕಕ್ಕೂ ಇದು ಒಳ್ಳೆಯ ದಾಖಲೆ.

ಬಾಡಿಗೆ ಮನೆಯವರು ಗೋಡೆಗೆ ಮೇಜನ್ನು ಜಡಿಯುವಂತಿಲ್ಲ. ಅವರು ಕಾಲು, ಅಡ್ಡಪಟ್ಟಿ, ಹಾಸು ಬೇರೆ ಬೇರೆಯಾಗಿ ಬಿಚ್ಚಿಕೊಳ್ಳುವಂತೆ ಮೊಳೆ, ಅಂಟು ಬಿಟ್ಟು ನಟ್ಟುಬೋಲ್ಟಿನಲ್ಲೇ ಎಲ್ಲವನ್ನೂ ಜೋಡಿಸಬೇಕು. ಪ್ರತಿ ಕೂಡಿಕೆಯ ಎರಡೂ ಬದಿಗೆ ಒಂದೇ ಅಂಕಿಯನ್ನು ಉಳಿಯಿಂದ ಕೊರೆದಿಟ್ಟರೆ ಹೊಸ ಮನೆಯಲ್ಲಿ ಯಾವುದು ಎಲ್ಲಿಗೆಂದು ತಡಕಾಡಬೇಕಿಲ್ಲ. ಅಲ್ಲಿನ ಇಳಿಜಾರು ಬೇರೆಯಾಗಿರುತ್ತದೆ. ನೀರಿನ ಕೊಳವೆಯನ್ನು ಲಾರಿಯಲ್ಲಿ ಮರೆಯದೆ ಒಯ್ಯಬೇಕು.